‘ಹೊಸಬರೂ ಬರಬಹುದು’ ಎಂದು ಕುಮಾರ ಪರ್ವತಕ್ಕೆ ಕರೆಯುವವರ ಬಗ್ಗೆ ಎಚ್ಚರ

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತ ಹತ್ತಿಸಿ, ನಡುವೆ ಗಿರಿಗದ್ದೆಯಲ್ಲಿ ಒಂದು ರಾತ್ರಿ ತಂಗಿಸಿ, ಮರುದಿನ ಇಳಿಸಿಕೊಂಡು ಬರುವುದಾಗಿ ಹೇಳುವ ವಾರಾಂತ್ಯದ ಜಾಹೀರಾತಿನಲ್ಲಿ ‘ಹೊಸಬರಿಗೂ ಸೂಕ್ತ’ ಎಂಬ ಮಾತು ಕಂಡರೆ, ದಯವಿಟ್ಟು ಹಣ ಕಟ್ಟುವ ಮುನ್ನ ಇದನ್ನು ಓದಿ. ಚಾರಣಕ್ಕೆ ಆನ್‌ಲೈನ್ ಟಿಕೆಟ್ ಕಡ್ಡಾಯವಾಗುವುದಕ್ಕೂ ಮೊದಲು, ಒಂದು ಡಿಸೆಂಬರ್‌ನಲ್ಲಿ, ಬೆಂಗಳೂರಿನ ಆಯೋಜಕರೊಬ್ಬರ ತಂಡದೊಂದಿಗೆ ನಾನು ಅಲ್ಲಿಗೆ ಹೋಗಿದ್ದೆ. ಮೂವತ್ತಕ್ಕೂ ಹೆಚ್ಚು ಜನರಿದ್ದ ಆ ತಂಡದಲ್ಲಿ ಬಹುಪಾಲು ಮಂದಿ ಅದುವರೆಗೆ ಹತ್ತಿದ್ದು ನಂದಿ ಬೆಟ್ಟದ ಮೆಟ್ಟಿಲು, ಹೆಚ್ಚೆಂದರೆ ಸ್ಕಂದಗಿರಿ. ಅವರನ್ನು ಕರೆದೊಯ್ಯಲು ಇದ್ದವರು ಇಬ್ಬರೇ. ಅವರಲ್ಲೊಬ್ಬ ಆ ದಾರಿಯನ್ನು ಮೊದಲ ಸಲ ನೋಡುತ್ತಿದ್ದ ಕಾಲೇಜು ಹುಡುಗ ಎಂಬುದು ನಮಗೆ ತಿಳಿದದ್ದು ಕಾಡಿನೊಳಗೆ ಹೋದ ಮೇಲೆ.

ಹೊಸಬರು ಮೋಸಹೋಗುವುದು ‘ನಡುವೆ ತಂಗುವ ವ್ಯವಸ್ಥೆ ಇದೆ’ ಎಂಬ ಒಂದು ಮಾತಿನಿಂದ. ಕುಕ್ಕೆಯಿಂದ ತುದಿಗೆ ಸುಮಾರು 13 ಕಿಲೋಮೀಟರ್ ದಾರಿ, ಶಿಖರದ ಎತ್ತರ 1,712 ಮೀಟರ್, ಏರಬೇಕಾದದ್ದು ಒಂದೂವರೆ ಸಾವಿರ ಮೀಟರ್‌ಗಿಂತಲೂ ಹೆಚ್ಚು. ಸ್ಕಂದಗಿರಿಯ ಏರಿಕೆ ಇದರ ಅರ್ಧದಷ್ಟೂ ಆಗುವುದಿಲ್ಲ. ಚಾರಣಿಗರಿಗೆ ಊಟ, ತಂಗುವ ಜಾಗ ಕೊಡುತ್ತಿದ್ದ ಗಿರಿಗದ್ದೆಯ ಭಟ್ಟರ ಮನೆ ಇರುವುದು ಕುಕ್ಕೆಯಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿ. ಮೊದಲ ದಿನ ಅಷ್ಟನ್ನು ಹತ್ತಿ, ಊಟ ಮಾಡಿ ಮಲಗಿದರೆ ಅರ್ಧ ಕೆಲಸ ಮುಗಿಯಿತೆಂದು ಅನ್ನಿಸುವುದು ಸಹಜ. ಆದರೆ ಎರಡನೆಯ ದಿನ ಅಲ್ಲಿಂದ ತುದಿಗೆ ಏಳು, ಮರಳಿ ಏಳು, ಮತ್ತೆ ಕುಕ್ಕೆಗೆ ಆರು, ಹೀಗೆ ಒಟ್ಟು ಇಪ್ಪತ್ತು ಕಿಲೋಮೀಟರ್ ನಡೆಯಬೇಕು. ಬೆಟ್ಟದ ಅಷ್ಟೂ ಎತ್ತರವನ್ನು ಒಂದೇ ದಿನದಲ್ಲಿ ಇಳಿಯಬೇಕು. ಹತ್ತುವಾಗ ಸೋಲುವುದು ಉಸಿರು, ಅದು ಕುಳಿತರೆ ಮರಳುತ್ತದೆ. ಇಳಿಯುವಾಗ ಸೋಲುವ ತೊಡೆ ಮತ್ತು ಮಂಡಿಗಳು ಅಷ್ಟು ಸುಲಭವಾಗಿ ಚೇತರಿಸಿಕೊಳ್ಳುವುದಿಲ್ಲ. ಈ ಲೆಕ್ಕವನ್ನು ಆಯೋಜಕರು ಯಾರಿಗೂ ಹೇಳಿರಲಿಲ್ಲ.

ಮೊದಲ ದಿನದ ಬಗ್ಗೆ ಹೇಳಬೇಕಾದದ್ದು ಕಡಿಮೆ. ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದವರು ತಿಂಡಿ, ದೇವರ ದರ್ಶನ ಎಂದು ತಡಮಾಡಿದರು. ಗಿರಿಗದ್ದೆಗೆ ಮೊದಲೇ ಸಿಗುವ ಭೀಮನ ಬಂಡೆಯ ಹೊತ್ತಿಗೇ ಹಲವರ ಬಾಟಲಿಗಳು ಖಾಲಿಯಾಗಿದ್ದವು. ಆದರೂ ಕಾಡಿನ ನೆರಳು ಕಾಪಾಡಿತು. ಗಿರಿಗದ್ದೆಯಲ್ಲಿ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ ಸಿಕ್ಕಿದವು. ಅಲ್ಲಿಯ ಊಟೋಪಚಾರದ ಬಗ್ಗೆ ನನ್ನದೇನೂ ದೂರಿಲ್ಲ; ಅಷ್ಟು ಎತ್ತರಕ್ಕೆ ಅಕ್ಕಿ, ಬೇಳೆ ತಂದು ಬೇಯಿಸಿ ಬಡಿಸುವವರನ್ನು ದೂರುವುದು ನ್ಯಾಯವೂ ಅಲ್ಲ. ಆದರೆ ಹಲವು ತಂಡಗಳು ಒಟ್ಟಿಗೆ ಬಂದಿದ್ದರಿಂದ ನಮ್ಮವರಲ್ಲಿ ಅರ್ಧದಷ್ಟು ಜನರಿಗೆ ಕಾಲು ಚಾಚಲು ಜಾಗವಿರಲಿಲ್ಲ, ನಡುರಾತ್ರಿಯವರೆಗೂ ಯಾರದೋ ಸ್ಪೀಕರ್ ಹಾಡುತ್ತಲೇ ಇತ್ತು. ಬೆಳಗಿನ ಐದಕ್ಕೆ ಹೊರಡಬೇಕಾದವರು ಶೌಚಾಲಯದ ಸರದಿ ಮುಗಿಸಿ ಹೊರಟಾಗ ಏಳು ದಾಟಿತ್ತು.

ಅರಣ್ಯ ಇಲಾಖೆಯ ತಪಾಸಣಾ ಕಚೇರಿ ದಾಟಿದ ಮೇಲೆ ದಾರಿಯ ಸ್ವರೂಪವೇ ಬದಲಾಗುತ್ತದೆ. ಮರಗಳು ಮುಗಿದು ಬೋಳು ಹುಲ್ಲುಗಾವಲು ಆರಂಭವಾಗುತ್ತದೆ. ಕಲ್ಲು ಮಂಟಪದವರೆಗೂ, ಅದರಾಚೆಗೂ, ಬಿಸಿಲಿಗೆ ಅಡ್ಡವಾಗಿ ನಿಲ್ಲುವಂಥದ್ದು ಬಹುತೇಕ ಏನೂ ಇಲ್ಲ. ನೀರಿನ ಸೆಲೆಗಳು ಮಳೆಗಾಲ ದೂರವಾದಂತೆ ಬತ್ತುತ್ತವೆ. ಒಂದೇ ಲೀಟರ್ ನೀರು ಹಿಡಿದು, ಜೀನ್ಸ್ ತೊಟ್ಟು ಬಂದಿದ್ದವರು ಹತ್ತು ಗಂಟೆಗೇ ಬಳಲಿದರು. ಅಷ್ಟರಲ್ಲಿ ತಂಡ ಚದುರಿತ್ತು: ದಾರಿ ಗೊತ್ತಿದ್ದ ಮುಂದಾಳು ವೇಗವಾಗಿ ನಡೆಯುವವರೊಂದಿಗೆ ಕಣ್ಣಿಗೆ ಕಾಣದಷ್ಟು ಮುಂದಿದ್ದ, ಏನೂ ಗೊತ್ತಿಲ್ಲದ ಹುಡುಗ ಸೋತವರೊಂದಿಗೆ ಹಿಂದುಳಿದಿದ್ದ. ಹೀಗಾಗುವುದೇ ತಪ್ಪು, ಅನುಭವಿ ಇರಬೇಕಾದದ್ದು ತಂಡದ ಬಾಲದಲ್ಲಿ.

ಕುಮಾರ ಪರ್ವತದ ತುದಿಗೆ ಮುನ್ನ ಸಿಗುವ ಶೇಷ ಪರ್ವತದ ಏರಿನಲ್ಲಿ, ಐವತ್ತರ ಆಸುಪಾಸಿನ ಒಬ್ಬರಿಗೆ ಎರಡೂ ಕಾಲುಗಳ ಸ್ನಾಯು ಹಿಡಿದುಕೊಂಡು ತಲೆ ಸುತ್ತತೊಡಗಿತು. ಆ ಹುಡುಗ ಫೋನ್ ಮಾಡಲು ನೋಡಿದ, ನೆಟ್‌ವರ್ಕ್ ಇರಲಿಲ್ಲ. ಕೊನೆಗೆ ಅವರಿಗೆ, “ಸರ್, ನೀವು ಇಲ್ಲೇ ಕೂತಿರಿ, ವಾಪಸ್ ಬರುವಾಗ ಕರೆದುಕೊಂಡು ಹೋಗುತ್ತೇವೆ” ಎಂದು ಹೇಳಿ ಉಳಿದವರನ್ನು ಮುಂದಕ್ಕೆ ಕರೆದೊಯ್ದ. ಮುಂದೆ ಹೋಗಿದ್ದ ನಮಗೆ ಇದು ತಿಳಿದದ್ದು ತುದಿಯಿಂದ ಮರಳುವಾಗ, ಅವರು ಕೂತಿರಬೇಕಿದ್ದ ಜಾಗದಲ್ಲಿ ಇಲ್ಲದಿದ್ದಾಗ. ಮಧ್ಯಾಹ್ನದ ಮಂಜು ಕವಿದು ಹತ್ತು ಮಾರು ದೂರವೂ ಕಾಣುತ್ತಿರಲಿಲ್ಲ. ನೀರು ಹುಡುಕಿಕೊಂಡು ಹುಲ್ಲಿನ ನಡುವಿನ ಒಂದು ಜಾಡು ಹಿಡಿದು ಇಳಿದಿದ್ದ ಅವರನ್ನು ಬೇರೊಂದು ತಂಡದವರು ಕೂಗು ಕೇಳಿ ಮೇಲಕ್ಕೆ ಕರೆತಂದರು. ಆ ತಂಡದವರ ಬಳಿ ಓಆರ್‌ಎಸ್ ಇತ್ತು. ನಮ್ಮ ಆಯೋಜಕರ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಬ್ಯಾಂಡೇಜು ಮತ್ತು ನೋವಿನ ಸ್ಪ್ರೇ ಬಿಟ್ಟರೆ ಮತ್ತೇನೂ ಇರಲಿಲ್ಲ. ಆನೆ, ಕಾಟಿಗಳು ಓಡಾಡುವ ಪುಷ್ಪಗಿರಿ ವನ್ಯಜೀವಿಧಾಮದಲ್ಲಿ ಅಸ್ವಸ್ಥರಾದವರನ್ನು ಒಂಟಿಯಾಗಿ ಕೂರಿಸಿ ಹೋಗುವುದನ್ನು ಅಚಾತುರ್ಯ ಎನ್ನಲು ನನಗೆ ಮನಸ್ಸಿಲ್ಲ. ಅದು ಅಪರಾಧಕ್ಕೆ ಸಮೀಪದ ಹೊಣೆಗೇಡಿತನ.

ಗಿರಿಗದ್ದೆಗೆ ಮರಳುವಷ್ಟರಲ್ಲಿ ಸೂರ್ಯ ಮುಳುಗಿದ್ದ. ಅಲ್ಲೇ ಇನ್ನೊಂದು ರಾತ್ರಿ ಉಳಿಯೋಣವೆಂದು ಕೆಲವರು ಕೇಳಿಕೊಂಡರೂ, ಬಸ್ಸಿನ ಬಾಡಿಗೆ ಏರುತ್ತದೆಂದು ಆಯೋಜಕರು ಒಪ್ಪಲಿಲ್ಲ. ಬೇರುಗಳೂ ಉರುಳುಗಲ್ಲುಗಳೂ ತುಂಬಿದ ಆ ಕಾಡಿನ ಇಳಿಜಾರನ್ನು ನಾಲ್ಕೈದು ಜನರಿಗೆ ಒಂದು ಟಾರ್ಚಿನಂತೆ, ಉಳಿದವರು ಸಾಯುತ್ತಿದ್ದ ಫೋನಿನ ಬೆಳಕಿನಲ್ಲಿ ಇಳಿದರು. ಯುವತಿಯೊಬ್ಬರ ಪಾದ ಉಳುಕಿ, ಅವರನ್ನು ಸರದಿಯ ಮೇಲೆ ಹೆಗಲು ಕೊಟ್ಟು ನಡೆಸಬೇಕಾಯಿತು. ರಸ್ತೆ ಮುಟ್ಟಿದಾಗ ರಾತ್ರಿ ಹನ್ನೊಂದರ ಸಮಯ. ಮರುದಿನ ಆಯೋಜಕರನ್ನು ವಿಚಾರಿಸಿದರೆ, ಬಸ್ ಹತ್ತುವ ಮುನ್ನ ಎಲ್ಲರೂ ಸಹಿ ಹಾಕಿದ್ದ ‘ಸ್ವಂತ ಹೊಣೆ’ಯ ಕಾಗದದ ಚಿತ್ರವೇ ಉತ್ತರವಾಗಿ ಬಂತು.

ಇಂಥ ತಂಡಕ್ಕೆ ಸೇರುವವರು ಮೊದಲು ಕೇಳಬೇಕಾದದ್ದು ಎರಡನೆಯ ದಿನ ಎಷ್ಟು ದೂರ ನಡೆಯಬೇಕು, ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗಿಸುತ್ತೀರಿ ಎಂಬುದನ್ನು. ಡಿಸೆಂಬರ್‌ನಲ್ಲಿ ಆರೂಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ನಿಧಾನಿಗಳಿರುವ ತಂಡ ಹನ್ನೊಂದೂವರೆಯೊಳಗೆ ತುದಿ ಮುಟ್ಟದಿದ್ದರೆ ಶೇಷ ಪರ್ವತದಿಂದಲೇ ತಿರುಗುವುದು ಕ್ಷೇಮ. ಸೋತವರೊಬ್ಬರು ನಿಂತರೆ ಅವರೊಂದಿಗೆ ಯಾರು ಇಳಿಯುತ್ತಾರೆ ಎಂಬುದಕ್ಕೆ ವ್ಯಕ್ತಿಯ ಹೆಸರು ಸಿಗಬೇಕು. ‘ನೋಡಿಕೊಳ್ಳುತ್ತೇವೆ’ ಎಂಬುದು ಉತ್ತರವಲ್ಲ. ತಲೆಗೆ ಕಟ್ಟುವ ಟಾರ್ಚು, ಮೂರು ಲೀಟರ್ ನೀರು, ಓಆರ್‌ಎಸ್ ನಿಮ್ಮದೇ ಚೀಲದಲ್ಲಿರಲಿ. 2024ರ ಜನವರಿಯಲ್ಲಿ ಈ ಬೆಟ್ಟದ ಮೇಲಿನ ಜನಜಂಗುಳಿಯ ಚಿತ್ರಗಳು ಹರಿದಾಡಿದ ಬಳಿಕ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಮತ್ತು ದಿನಕ್ಕೆ ಇಷ್ಟೇ ಜನ ಎಂಬ ಮಿತಿಯನ್ನು ತಂದಿದೆ. ಆದ್ದರಿಂದ ಅರಣ್ಯ ಇಲಾಖೆಯ ಟಿಕೆಟ್‌ನಲ್ಲಿ ನಿಮ್ಮ ಹೆಸರಿದೆಯೇ ಎಂದು ಹೊರಡುವ ಮುನ್ನವೇ ನೋಡಿಕೊಳ್ಳಿ, ನೀವು ಹೋಗುವ ಸಮಯಕ್ಕೆ ದಾರಿಯಲ್ಲಿ ರಾತ್ರಿ ತಂಗಲು ಅನುಮತಿ ಇದೆಯೇ ಎಂಬುದನ್ನು ಆಯೋಜಕರನ್ನಲ್ಲ, ಇಲಾಖೆಯನ್ನೇ ಕೇಳಿ.