ಗಂಗಾವತಿಯಲ್ಲಿ ಫ್ರಿಜ್ ತಗೊಳ್ಳೋಕೆ ಹೋಗಿ ನಾನು ಬೇಸ್ತು ಬಿದ್ದ ಕಥೆ. ಓಟಿಪಿ ಹೇಳುವ ಮುಂಚೆ ಓದಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಅದಕ್ಕೇ ಇದನ್ನು ಬರೆಯೋಕೆ ಒಂದು ತಿಂಗಳು ಬೇಕಾಯಿತು. ನಾಚಿಕೆ.

ನಾನು ಕಾರಟಗಿಯ ಒಂದು ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುತ್ತೇನೆ. ಭತ್ತದ ಲಾರಿ ಬಂದರೆ ತೂಕದ ಚೀಟಿ ನೋಡೋದು, ಚೀಲ ಎಷ್ಟು, ತೇವ ಎಷ್ಟು, ಕಡಿತ ಎಷ್ಟು ಅಂತ ಬರೆಯೋದು ನನ್ನ ಕೆಲಸ. ದಿನವಿಡೀ ಲೆಕ್ಕ. ಐದು ಕೆಜಿ ಹೆಚ್ಚುಕಮ್ಮಿಯಾದರೂ ಕಣ್ಣಿಗೆ ಬೀಳುತ್ತದೆ. ಅಂಥ ನಾನು ಒಂದು ಶೋರೂಮಿನ ಎಸಿ ಗಾಳಿಯಲ್ಲಿ ಕೂತು, ಅವರು ಕೊಟ್ಟ ತಣ್ಣನೆ ಮಜ್ಜಿಗೆ ಕುಡಿದು, 7,900 ರೂಪಾಯಿ ಸುಮ್ನೆ ಬಿಟ್ಟು ಬಂದೆ. ಲೆಕ್ಕ ಮುಂದೆ ಹೇಳುತ್ತೇನೆ.

ಹಳೆ ಫ್ರಿಜ್ ಕೆಟ್ಟಿತ್ತು. ನಮ್ಮ ಕಡೆ ಬೇಸಿಗೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾ? ಬೆಳಿಗ್ಗೆ ಕಾಸಿದ ಹಾಲು ಮಧ್ಯಾಹ್ನಕ್ಕೆ ಒಡೆಯುತ್ತಿತ್ತು. ನಾನು, ನನ್ನ ಹೆಂಡತಿ, ಅವಳ ತಮ್ಮ, ಮೂವರೂ ಭಾನುವಾರ ಗಂಗಾವತಿಗೆ ಹೋದೆವು. ಯಾವ ಕಂಪನಿ, ಯಾವ ಮಾಡೆಲ್ ಅಂತ ಮನೆಯಲ್ಲೇ ನೋಡಿಕೊಂಡು ಹೋಗಿದ್ದೆವು. ಸುಮಾರು 25 ಸಾವಿರದ್ದು. ಅಷ್ಟು ತಯಾರಿ ಮಾಡಿಕೊಂಡೇ ಹೋಗಿದ್ದೆವು ಮಾರಾಯ್ರೇ!

ಒಳಗೆ ಕಾಲಿಟ್ಟ ಕೂಡಲೇ ನೀಲಿ ಟೀ ಶರ್ಟಿನ ಹುಡುಗ ಒಬ್ಬ ಬಂದ. ನಮ್ಮ ಮಾಡೆಲ್ ಹೆಸರು ಹೇಳಿದೆ. ಮುಖ ಸಣ್ಣ ಮಾಡಿದ.

"ಅಣ್ಣಾರ, ಅದು ಸ್ಟಾಕ್ ಇಲ್ರಿ. ಇದ್ರೂ ನಾ ಕೊಡಂಗಿಲ್ಲ ನೋಡ್ರಿ. ಅದರದು ಕಂಪ್ರೆಸರ್ ಕಂಪ್ಲೇಂಟ್ ಭಾಳ ಬರ್ತಾವ. ನೀವು ನಮ್ಮ ಮಂದಿ, ಸುಳ್ಳ್ಯಾಕ ಹೇಳ್ಲಿ?"

ನಮ್ಮ ಮಂದಿ! ಅಲ್ಲಿಗೆ ನಾನು ಅರ್ಧ ಕರಗಿದೆ.

ಅವನು ತೋರಿಸಿದ್ದು 31,500ರ ಫ್ರಿಜ್. "ಅಕ್ಕಾರ, ನಮ್ಮ ಮನ್ಯಾಗೂ ಇದ ಐತ್ರಿ, 10 ವರ್ಷ ವಾರಂಟಿ, ಕರೆಂಟ್ ಬಿಲ್ ಅರ್ಧಕ್ಕ ಇಳೀತೈತಿ." ಅವನ ಟೀ ಶರ್ಟಿನ ಎದೆಯ ಮೇಲೆ ಅದೇ ಕಂಪನಿಯ ಹೆಸರಿತ್ತು. ನಾನು ಅದನ್ನು ನೋಡಿದೆ. ನೋಡಿಯೂ ತಲೆಗೆ ಹೋಗಲಿಲ್ಲ. ಆ ಹುಡುಗ ಅಂಗಡಿಯವನಲ್ಲ, ಆ ಕಂಪನಿಯ ಪ್ರಮೋಟರ್, ಅಂದರೆ ತನ್ನ ಮಾಲು ಮಾರೋಕೆ ಅಂತ ಕಂಪನಿಯೇ ಅಂಗಡಿಯಲ್ಲಿ ಇಟ್ಟ ಹುಡುಗ. ಬೇರೆ ಕಂಪನಿಯ ಫ್ರಿಜ್ ಮಾರಿದರೆ ಅವನಿಗೇನು ಸಿಗುತ್ತೆ? ಗೊತ್ತಿರುವವರಿಗೆ ಇದು ಗೊತ್ತು. ನನಗೆ ಗೊತ್ತಿರಲಿಲ್ಲ.

10 ವರ್ಷದ ಕಥೆ ಏನು ಅಂದರೆ, ಅದು ಕಂಪ್ರೆಸರ್‌ಗೆ ಮಾತ್ರ. ಉಳಿದದ್ದಕ್ಕೆಲ್ಲ ಒಂದೇ ವರ್ಷ. ಕರೆಂಟ್ ಬಿಲ್ ಅರ್ಧ ಅಂದನಲ್ಲ, ಅದೂ ಮನೆಗೆ ಬಂದ ಮೇಲೆ ತಿಳಿಯಿತು. ಫ್ರಿಜ್ಜಿನ ಬಾಗಿಲ ಮೇಲೆ 'ಬಂಪರ್ ಆಫರ್' ಅಂತ ದೊಡ್ಡ ಸ್ಟಿಕ್ಕರ್ ಅಂಟಿಸಿದ್ದರು. ಹೆಂಡತಿ ಅದನ್ನು ಕಿತ್ತಳು. ಕೆಳಗೆ ಸ್ಟಾರ್ ಲೇಬಲ್. ಎರಡೇ ಸ್ಟಾರ್! ಸ್ಟಾರ್ ಕಡಿಮೆ ಇದ್ದಷ್ಟೂ ಕರೆಂಟ್ ಜಾಸ್ತಿ. ವರ್ಷಕ್ಕೆ ಎಷ್ಟು ಯೂನಿಟ್ ತಿನ್ನುತ್ತೆ ಅಂತ ಅದರ ಮೇಲೇ ಬರೆದಿರುತ್ತೆ. ಅದನ್ನೇ ಮುಚ್ಚಿದ್ದರು.

ರೇಟಿನ ನಾಟಕ ನಿಮಗೆ ಗೊತ್ತಿರೋದೇ. "ಸಾಹೇಬ್ರನ್ನ ಕೇಳಿ ಬರ್ತೀನ್ರಿ" ಅಂತ ಮೂರು ಸಲ ಒಳಗೆ ಹೋಗಿ ಬಂದ. ಮೂರನೇ ಸಲ 500 ರೂಪಾಯಿಯ ನೀರಿನ ಬಾಟಲಿ ಸೆಟ್ ಫ್ರೀ ಅಂದ. ಸ್ಟೆಬಿಲೈಜರ್ ಕೂಡ ಬೇಕೇ ಬೇಕು ಅಂದ. ನಾನು ಕಡ್ಡಿ ಮುರಿದ ಹಾಗೆ ಬೇಡ ಅಂದೆ. ಡಬ್ಬಿಯ ಮೇಲೇ ಸ್ಟೆಬಿಲೈಜರ್ ಬೇಕಿಲ್ಲ ಅಂತ ಬರೆದಿತ್ತು, ಬೆರಳಿಟ್ಟು ತೋರಿಸಿದೆ. ಹೆಂಡತಿಯ ತಮ್ಮ "ಮಾಮಾ, ಭಾರಿ ಅದೀರಿ" ಅಂದ. ನಾನು ಮೀಸೆ ಮೇಲೆ ಕೈ ಇಟ್ಟೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತೆ. ಅದೊಂದು ಬೇಡ ಅಂದ ಖುಷಿಯಲ್ಲೇ ಉಳಿದದ್ದಕ್ಕೆಲ್ಲ ತಲೆ ಆಡಿಸಿದೆ.

ಆಮೇಲೆ ಮೂಲೆಯ ಟೇಬಲ್. ಟೇಬಲ್ ಹಿಂದೆ ಫೈನಾನ್ಸ್ ಹುಡುಗ. "ಜೀರೋ ಬಡ್ಡಿ ಸರ್, 7,500 ಈಗ ಕಟ್ರಿ, ಉಳಿದ 24 ಸಾವಿರ 10 ಕಂತು, ತಿಂಗಳಿಗೆ 2,400 ಅಷ್ಟ." ಲೆಕ್ಕ ಸರಿ ಇತ್ತು. ಫೈಲ್ ಚಾರ್ಜ್ ಅಂತ 1,100 ಬೇರೆ ತಗೊಂಡ. ಅದು ಎಲ್ಲ ಕಡೆ ಇರುತ್ತೆ ಅಂದುಕೊಂಡು ಕೊಟ್ಟೆ. ಆಧಾರ್, ಪಾನ್, ಫೋಟೋ. ಆಮೇಲೆ ಓಟಿಪಿ.

"ಸರ್, ಓಟಿಪಿ ಬಂದೈತಿ ನೋಡ್ರಿ." ಹೇಳಿದೆ. "ಇನ್ನೊಂದು ಬಂತೇನ್ರಿ?" ಹೇಳಿದೆ. "ಇದು ಕಂಪನಿ ವೆರಿಫಿಕೇಶನ್." ಹೇಳಿದೆ. ಮತ್ತೊಂದು. ಐದು ಓಟಿಪಿ! ನಾಲ್ಕನೆಯದು ಬರುವಷ್ಟರಲ್ಲಿ ಹೆಂಡತಿ, "ಯಾಕ್ರೀ ಇಷ್ಟೊಂದು?" ಅಂತ ಕೇಳಿದಳು. ನಾನು ಅವಳಿಗೆ "ಅದು ಸಿಸ್ಟಮ್, ನಿನಗೆ ಗೊತ್ತಾಗಲ್ಲ" ಅಂದೆ. ಹೌದು, ಹಾಗೇ ಅಂದೆ. ಒಂದು ಮೆಸೇಜನ್ನೂ ಪೂರ್ತಿ ಓದಲಿಲ್ಲ. ನಂಬರ್ ಮಾತ್ರ ನೋಡಿ ಹೇಳುತ್ತಾ ಹೋದೆ. ತೂಕದ ಚೀಟಿಗೆ ಸಹಿ ಹಾಕುವ ಮುಂಚೆ ಎರಡು ಸಲ ಓದುವ ಮನುಷ್ಯ ನಾನು.

ರಾತ್ರಿ ಊಟ ಮಾಡುವಾಗ ಮೆಸೇಜ್ ಬಂತು. ನಿಮ್ಮ ಸಾಲ 28,200. ಕಂತು 2,820. ಊಟ ಗಂಟಲಲ್ಲೇ ನಿಂತಿತು. ಮೆಸೇಜ್‌ಗಳನ್ನೆಲ್ಲ ಕೂತು ಓದಿದೆ. ಒಂದು ಓಟಿಪಿ 3,300 ರೂಪಾಯಿಯ ಎಕ್ಸ್‌ಟೆಂಡೆಡ್ ವಾರಂಟಿಗೆ. ಇನ್ನೊಂದು 900 ರೂಪಾಯಿಯ ಇನ್ಶೂರೆನ್ಸ್‌ಗೆ. ಫ್ರಿಜ್‌ಗೆ ಅಲ್ಲ, ನನ್ನ ಜೀವಕ್ಕೆ! ವಾರಂಟಿ ಕಾಗದ ಫ್ರಿಜ್ಜಿನ ಮ್ಯಾನುಯಲ್ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಇಟ್ಟಿದ್ದರು. ಫ್ರಿಜ್ ಮಾಡಿದ ಕಂಪನಿಯದ್ದಲ್ಲ, ಬೇರೆ ಯಾರದೋ.

ಮರುದಿನ ಮಿಲ್ಲಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಅವರು ಕೊಟ್ಟ ಉತ್ತರಗಳನ್ನು ಬರೆಯಲೇಬೇಕು.

ನೀಲಿ ಟೀ ಶರ್ಟಿನವನು: "ಅಣ್ಣಾರ, ಫೈನಾನ್ಸ್ ನಮ್ಮ ಡಿಪಾರ್ಟ್‌ಮೆಂಟ್ ಅಲ್ರಿ."

ಫೈನಾನ್ಸ್ ಹುಡುಗ: "ಸರ್, ಓಟಿಪಿ ನೀವ ಹೇಳೀರಿ. ನೀವು ಹೇಳದ ನಮಗ ಹೆಂಗ ಗೊತ್ತಾಗಬೇಕು?" ಇದಕ್ಕೆ ನಾನು ಏನು ಹೇಳಲಿ? ಅಲ್ಲಿದ್ದ ಗಿರಾಕಿಗಳೆಲ್ಲ ನನ್ನ ಕಡೆ ತಿರುಗಿ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಅವನೇ ದನಿ ತಗ್ಗಿಸಿ, "ಟಾರ್ಗೆಟ್ ಐತ್ರಿ ಸರ್, ನಮ್ಮ ಪರಿಸ್ಥಿತಿನೂ ನೋಡ್ರಿ" ಅಂದ. ಪಾಪ ಅನ್ನಿಸಿತು ಕೂಡ. ಆದರೆ ಅವನ ಟಾರ್ಗೆಟ್ ನನ್ನ ಜೇಬಿನಿಂದ ಯಾಕೆ ಮುಗಿಯಬೇಕು?

ಮ್ಯಾನೇಜರ್ ಮಾತು ಎಲ್ಲದಕ್ಕಿಂತ ಚೆಂದ: "ವಾರಂಟಿ ಇಲ್ದ ಲೋನ್ ಪಾಸ್ ಆಗಂಗಿಲ್ಲ ಸರ್. ಸಿಸ್ಟಮ್‌ನ್ಯಾಗ ಕಂಪಲ್ಸರಿ ಐತಿ."

ಇದು ಕೇಳಿದ ಮಾತು ಅನ್ನಿಸಿತು. ಎಲ್ಲಿ ಅಂತ ಯೋಚಿಸಿದೆ. ಗೊಬ್ಬರದ ಅಂಗಡಿಯಲ್ಲಿ! ಯೂರಿಯಾ ಬೇಕು ಅಂದರೆ ಜಿಂಕ್ ತಗೊಳ್ಳಿ, ಡಿಎಪಿ ಬೇಕು ಅಂದರೆ ಆ ಬಾಟಲಿ ತಗೊಳ್ಳಿ ಅನ್ನುತ್ತಾರಲ್ಲ, ಅದೇ ಲಿಂಕ್. ನಮ್ಮ ಕಡೆಯ ರೈತರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬೇಕಾದರೆ ಇನ್ನೊಂದು ತಗೊಳ್ಳಲೇಬೇಕು ಅನ್ನೋದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಪ್ಪು ವ್ಯಾಪಾರ ಅಂತಲೇ ಹೇಳುತ್ತೆ. ಇದನ್ನು ನಾನು ಓದಿಕೊಂಡಿದ್ದು ಆಮೇಲೆ. ಅಲ್ಲಿ ನಿಂತಾಗ ಬಾಯಿಂದ ಒಂದು ಮಾತೂ ಬರಲಿಲ್ಲ.

ಹೊರಗೆ ಬಂದರೆ ಇನ್ನೊಂದು. ಸ್ಟಾಕ್ ಇಲ್ಲ ಅಂದ ನಮ್ಮ ಆ ಮಾಡೆಲ್ ಇತ್ತಲ್ಲ, ಅದನ್ನೇ ಗೂಡ್ಸ್ ಆಟೋಗೆ ಏರಿಸುತ್ತಿದ್ದರು. ಬೇರೆ ಯಾರೋ ತಗೊಂಡಿದ್ದರು. ನಾನು ನಿಂತು ನೋಡಿದೆ. ಅಷ್ಟೇ.

ಎರಡು ದಿನ ಬಿಟ್ಟು ಹೆಂಡತಿಯ ತಮ್ಮ ಸಿಂಧನೂರಿನಲ್ಲಿ ಕೇಳಿದ. ನಮಗೆ ಕೊಟ್ಟ ಅದೇ ಫ್ರಿಜ್, ರೊಕ್ಕ ಕೊಟ್ಟು ತಗೊಂಡರೆ 28,900. ಈಗ ಲೆಕ್ಕ ನೋಡಿ. ರೇಟಿನಲ್ಲಿ 2,600. ವಾರಂಟಿ 3,300. ಇನ್ಶೂರೆನ್ಸ್ 900. ಫೈಲ್ ಚಾರ್ಜ್ 1,100. ಒಟ್ಟು 7,900. ಇದು ಜೀರೋ ಬಡ್ಡಿ! ಸೊನ್ನೆ ಬಡ್ಡಿ ಅನ್ನೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತಂತೆ. ನಮ್ಮ ಮೂಲೆ ಟೇಬಲ್ಲಿಗೆ ಅದು ಇನ್ನೂ ತಲುಪಿಲ್ಲ.

ತಡೆಯಲಾರದೆ 1915ಕ್ಕೆ ಫೋನ್ ಮಾಡಿದೆ, ಗ್ರಾಹಕ ಸಹಾಯವಾಣಿ. ದೂರು ಬರೆಸಿ ನಂಬರ್ ತಗೊಂಡೆ. ಫೈನಾನ್ಸ್ ಕಂಪನಿಗೂ ಇಮೇಲ್ ಹಾಕಿದೆ. ಎಂಟು ದಿನಕ್ಕೆ ಇನ್ಶೂರೆನ್ಸಿನ 900 ವಾಪಸ್ ಬಂತು. ವಾರಂಟಿ ಮಾತ್ರ ಚೆಂಡಾಟ. ಫೈನಾನ್ಸ್‌ನವರು ಅಂಗಡಿ ಕ್ಯಾನ್ಸಲ್ ಮಾಡಬೇಕು ಅನ್ನುತ್ತಾರೆ, ಅಂಗಡಿಯವರು ಫೈನಾನ್ಸ್ ಮಾಡಬೇಕು ಅನ್ನುತ್ತಾರೆ. ಇದರ ನಡುವೆ ನೀಲಿ ಟೀ ಶರ್ಟಿನವನು ವಾಟ್ಸಾಪ್ ಮಾಡಿದ: "ಅಣ್ಣಾರ, ಗೂಗಲ್‌ನ್ಯಾಗ ಐದು ಸ್ಟಾರ್ ಕೊಡ್ರಿ, ನನಗ ಹೆಲ್ಪ್ ಆಕ್ಕೈತಿ." ಇವನಿಗೆ ಏನನ್ನಬೇಕು ಹೇಳಿ!

ನಿಮಗೆ ಹೇಳೋದು ಇಷ್ಟೇ. ಟೀ ಶರ್ಟಿನ ಮೇಲೆ ಏನು ಬರೆದಿದೆ ನೋಡಿ. ರೊಕ್ಕ ಕೊಟ್ಟು ತಗೊಂಡರೆ ಎಷ್ಟು ಅಂತ ಮೊದಲು ಕೇಳಿ, ಕಂತಿನ ಮಾತು ಆಮೇಲೆ. ಸಾಲ ಮಾಡೋದೇ ಆದರೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅಂತ ಒಂದು ಕಾಗದ ಇರುತ್ತೆ, 2024ರ ಅಕ್ಟೋಬರ್‌ನಿಂದ ಇಂಥ ಸಾಲಗಳಿಗೆಲ್ಲ ಕಡ್ಡಾಯ. ಬಡ್ಡಿ, ಚಾರ್ಜ್ ಎಲ್ಲ ಅದರಲ್ಲಿ ಬರೆದಿರಬೇಕು. ಅದನ್ನು ಕೇಳಿ. ನನ್ನದು ಇಮೇಲಿನಲ್ಲಿ ಬಂದು ಬಿದ್ದಿತ್ತು, ನಾನು ಇಮೇಲ್ ನೋಡೋದು ವಾರಕ್ಕೊಮ್ಮೆ. ಓಟಿಪಿ ಮೆಸೇಜ್ ಪೂರ್ತಿ ಓದಿ. ಪೂರ್ತಿ. ಹುಡುಗ ಅವಸರ ಮಾಡಿದರೆ ಮಾಡಲಿ. ಹೆಂಡತಿ ಯಾಕೆ ಅಂತ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಮಜ್ಜಿಗೆ ಬೇಕಾದರೆ ಕುಡಿಯಿರಿ.

ಫ್ರಿಜ್ ಚೆನ್ನಾಗಿಯೇ ಓಡುತ್ತಿದೆ, ಅದಕ್ಕೇನೂ ಅನ್ನೋ ಹಾಗಿಲ್ಲ. ಹೆಂಡತಿಯೂ ಏನೂ ಅನ್ನುತ್ತಿಲ್ಲ. ಅದೇ ಜಾಸ್ತಿ ಕಷ್ಟ. 5ನೇ ತಾರೀಖು ಮೊದಲ ಕಂತು 2,820 ಕಟ್ ಆಯಿತು. ಫೈನಾನ್ಸ್‌ನವರು 30 ದಿನದಲ್ಲಿ ಸರಿ ಮಾಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರು ಕೇಳುವ ಅಧಿಕಾರಿಗೆ, ದೂರು ಹಾಕಬಹುದು. ಇವತ್ತಿಗೆ 26 ದಿನ. ಎಣಿಸುತ್ತಾ ಕೂತಿದ್ದೇನೆ.