ಹೋಗಿ ಮಾಡುವ ತರಬೇತಿಯೋ, ಕೂತಲ್ಲೇ ಮಾಡುವ ತರಬೇತಿಯೋ? ನಾಲ್ಕನ್ನೂ ಮಾಡಿ ನೋಡಿದ ಮೇಲೆ

ಜುಲೈ ಬಂತೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೊಸದಾಗಿ ಸೇರಿದವರು ಸುತ್ತೋಲೆಗಳನ್ನು ಹಿಡಿದು ಬಂದು ಕೇಳುತ್ತಾರೆ: “ಮೇಡಂ, ಹೋಗಿ ಮಾಡುವುದೋ, ಕೂತಲ್ಲೇ ಮಾಡುವುದೋ?” ಹೋಗಿ ಮಾಡುವುದು ಎಂದರೆ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಉಳಿದುಕೊಂಡು ಮಾಡುವ ಓರಿಯಂಟೇಶನ್ (ಹೊಸಬರಿಗೆ ಬೋಧನೆಯ ತರಬೇತಿ), ರಿಫ್ರೆಶರ್ (ವಿಷಯವನ್ನು ಹೊಸದು ಮಾಡಿಕೊಳ್ಳುವ ತರಬೇತಿ). ಕೂತಲ್ಲೇ ಮಾಡುವುದು ಎಂದರೆ ಆನ್‌ಲೈನ್ ಎಫ್‌ಡಿಪಿ, ಅಂದರೆ ಅಧ್ಯಾಪಕರಿಗೆ ನಡೆಸುವ ಕಿರು ತರಬೇತಿ, ಅಥವಾ ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣದ ಕೋರ್ಸ್. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾ ನನಗೆ 16 ವರ್ಷವಾಯಿತು. ಎಲ್ಲ ಬಗೆಯನ್ನೂ ಮಾಡಿದ್ದೇನೆ. ಬಂದವರಿಗೆಲ್ಲ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನನ್ನ ಅಳತೆಗೋಲು ಒಂದೇ: ಮುಗಿಸಿ ಬಂದ ಮೇಲೆ ನನ್ನ ತರಗತಿಯಲ್ಲಿ ಏನು ಬದಲಾಯಿತು?

ಮೊದಲು ನಿಯಮದ ಮಾತು ಮುಗಿಸಿಬಿಡೋಣ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕರು 10ನೇ ಹಂತದಿಂದ 11ನೇ ಹಂತಕ್ಕೆ ಏರಬೇಕಾದರೆ, ಅಂದರೆ 57,700 ರೂಪಾಯಿಯಿಂದ ಶುರುವಾಗುವ ವೇತನದಿಂದ 68,900 ರೂಪಾಯಿಯಿಂದ ಶುರುವಾಗುವ ವೇತನಕ್ಕೆ ಹೋಗಬೇಕಾದರೆ, ಪಿಎಚ್‌ಡಿ ಇದ್ದವರಿಗೆ 4 ವರ್ಷ, ಎಂಫಿಲ್ ಇದ್ದವರಿಗೆ 5, ಉಳಿದವರಿಗೆ 6 ವರ್ಷದ ಸೇವೆ ಬೇಕು. ಜೊತೆಗೆ 21 ದಿನದ ಓರಿಯಂಟೇಶನ್ ಬೇಕು. ಅದರ ಮೇಲೆ ಇನ್ನೊಂದು ಅರ್ಹತೆಗೆ ರಿಫ್ರೆಶರ್, ವಾರದ ಎಫ್‌ಡಿಪಿ, ಪ್ರಮಾಣಪತ್ರ ಸಿಗುವ ಮೂಕ್ಸ್ (ಯಾರು ಬೇಕಾದರೂ ಸೇರಬಹುದಾದ ಆನ್‌ಲೈನ್ ಕೋರ್ಸ್) ಎಂದು ಹಲವು ದಾರಿಗಳಿವೆ. ಕಡತದಲ್ಲಿ ಇವೆಲ್ಲ ಅಕ್ಕಪಕ್ಕ ಕೂರುತ್ತವೆ. ನನ್ನ ಅನುಭವದಲ್ಲಿ ಇವು ಅಕ್ಕಪಕ್ಕ ಕೂರುವಂಥವಲ್ಲ.

ನಾನು ಮೊದಲು ಮಾಡಿದ್ದು ಓರಿಯಂಟೇಶನ್, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದಲ್ಲಿ, 2011ರಲ್ಲಿ. ಅದನ್ನು ನಡೆಸುವ ಕೇಂದ್ರಕ್ಕೆ ಆಗ ಅಕಾಡೆಮಿಕ್ ಸ್ಟಾಫ್ ಕಾಲೇಜು ಎಂದು ಹೆಸರು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ದೇಶದ ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿದ ಕೇಂದ್ರಗಳವು. 2015ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು, 2023ರಿಂದ ಮಾಳವೀಯ ಮಿಷನ್ ಶಿಕ್ಷಕರ ತರಬೇತಿ ಕೇಂದ್ರಗಳು. ಹಳಬರು ಈಗಲೂ ಸ್ಟಾಫ್ ಕಾಲೇಜು ಎಂದೇ ಕರೆಯುತ್ತಾರೆ. ಆಗ ಓರಿಯಂಟೇಶನ್ ಎಂದರೆ ನಾಲ್ಕು ವಾರ. ಭಾನುವಾರ ಬಿಟ್ಟು ದಿನಕ್ಕೆ ಆರು ಗಂಟೆ.

ಹೋಗುವಾಗ ಮನಸ್ಸಿರಲಿಲ್ಲ. ಮಗಳಿಗೆ ಆಗ ಮೂರು ವರ್ಷ. ಅಮ್ಮ ಊರಿನಿಂದ ಬಂದು ನಮ್ಮ ಮನೆಯಲ್ಲಿ ಉಳಿದುಕೊಂಡಳು. ಮೊದಲ ವಾರ ರಾತ್ರಿ ಫೋನಿಟ್ಟ ಮೇಲೆ ಅತ್ತದ್ದುಂಟು. ಉಪನ್ಯಾಸಗಳಲ್ಲಿ ಕೆಲವು ಚೆನ್ನಾಗಿದ್ದವು, ಕೆಲವು ಸಪ್ಪೆ. ಅವುಗಳಲ್ಲಿ ಮುಕ್ಕಾಲು ಪಾಲು ಮರೆತಿದ್ದೇನೆ. ಮರೆಯದೆ ಉಳಿದದ್ದು ಮೂರನೆಯ ವಾರದ ಮೈಕ್ರೋ ಟೀಚಿಂಗ್.

ಸಹೋದ್ಯೋಗಿಗಳನ್ನೇ ವಿದ್ಯಾರ್ಥಿಗಳೆಂದು ತಿಳಿದು ಪಾಠ ಮಾಡಬೇಕು. ಎದುರಿಗೆ ಕೂತವರು ಕನ್ನಡ, ಇತಿಹಾಸ, ವಾಣಿಜ್ಯ, ಗಣಿತ ಹೀಗೆ ಎಲ್ಲ ವಿಭಾಗದವರು. ನಾನು ರಾಸಾಯನಿಕ ಸಮತೋಲನ ಆರಿಸಿಕೊಂಡೆ. ಬೋರ್ಡಿನ ಮೇಲೆ ಸಮೀಕರಣ ಬರೆದು, ನಡುವೆ ಒಂದರ ಮೇಲೊಂದು ಎರಡು ಅರ್ಧ ಬಾಣಗಳನ್ನು ಎಳೆದು, ಎಂದಿನಂತೆ ಮುಂದಕ್ಕೆ ಹೋದೆ. ಬೀದರ್ ಕಡೆಯ ಕನ್ನಡ ಉಪನ್ಯಾಸಕರೊಬ್ಬರು ಕೈಯೆತ್ತಿದರು. “ಮೇಡಂ, ನಿಮ್ಮ ಬಾಣ ಎರಡೂ ಕಡೆಗೆ ಓಡುತ್ತಿದೆ. ಹಾಗಿದ್ದ ಮೇಲೆ ಅಲ್ಲಿ ಏನೂ ಬದಲಾಗುತ್ತಿಲ್ಲ ಎಂದು ಹೇಗೆ ಹೇಳುತ್ತೀರಿ?” ನಾನು ವ್ಯಾಖ್ಯೆ ಹೇಳಿದೆ. ಅವರು ತಲೆಯಾಡಿಸಿ, “ಅದು ಪುಸ್ತಕದಲ್ಲಿದೆ ಮೇಡಂ. ನನಗೆ ಅರ್ಥವಾಗಲಿಲ್ಲ” ಎಂದರು. ಕೊಂಕು ಮಾತಲ್ಲ ಅದು, ನಿಜವಾಗಿಯೂ ಅರ್ಥವಾಗಿರಲಿಲ್ಲ. ಎರಡು ವರ್ಷ ನನ್ನ ಮುಂದೆ ಕೂತ ಮಕ್ಕಳಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಅರ್ಥವಾಗದಿದ್ದರೂ ಬರೆದುಕೊಳ್ಳುವುದನ್ನು ಅವರು ಕಲಿತಿದ್ದರು.

ಆ ಸಂಜೆ ನಾವು ಐದಾರು ಜನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದಾಗ ಮತ್ತೆ ಅದೇ ಮಾತು ಬಂತು. ವಾಣಿಜ್ಯ ವಿಭಾಗದವರೊಬ್ಬರು ಬಸ್ ನಿಲ್ದಾಣದ ಉದಾಹರಣೆ ಕೊಟ್ಟರು. ಬೆಳಗ್ಗೆ ಹತ್ತು ಗಂಟೆಗೆ ನಿಲ್ದಾಣದಲ್ಲಿ ಎಷ್ಟು ಜನರಿದ್ದಾರೋ ಹತ್ತೂವರೆಗೂ ಸುಮಾರು ಅಷ್ಟೇ ಜನ. ಆದರೆ ಮುಖಗಳು ಬೇರೆ. ಬಂದಷ್ಟು ಜನ ಹೋಗುತ್ತಿದ್ದಾರೆ, ಅದಕ್ಕೇ ಗುಂಪು ಹಾಗೇ ಕಾಣುತ್ತದೆ. ಕನ್ನಡದ ಮೇಷ್ಟ್ರು ನಿಂತುಬಿಟ್ಟರು: “ಇದನ್ನು ಮೊದಲೇ ಹೇಳಬಾರದಿತ್ತೇ?” ಅಂದಿನಿಂದ ಇಂದಿನವರೆಗೆ ಸಮತೋಲನದ ಪಾಠವನ್ನು ನಾನು ನಮ್ಮೂರ ಬಸ್ ನಿಲ್ದಾಣದಿಂದಲೇ ಶುರು ಮಾಡುತ್ತೇನೆ, ಬಾಣ ಆಮೇಲೆ ಬರುತ್ತದೆ. ನಾಲ್ಕು ವಾರದ ವೇಳಾಪಟ್ಟಿಯಲ್ಲಿ ಆ ಸಂಜೆಯ ನಡಿಗೆ ಎಲ್ಲಿಯೂ ಇರಲಿಲ್ಲ. ಆದರೆ ವೇಳಾಪಟ್ಟಿ ನಮ್ಮನ್ನು ಒಂದೆಡೆ ತಂದು ಇಡದಿದ್ದರೆ ಆ ನಡಿಗೆಯೂ ಇರುತ್ತಿರಲಿಲ್ಲ.

ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕೋರ್ಸು ಇದಕ್ಕೆ ತೀರಾ ಬೇರೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಕಟ್ಟಿದ ಪಾಠಗಳವು, ಈಗ ಸ್ವಯಂ ಮೂಲಕ ಸಿಗುತ್ತವೆ. ಪಾಠ ಕೇಳಲು ಹಣ ಕೊಡಬೇಕಿಲ್ಲ. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಲು ನಾನು ಕಟ್ಟಿದ್ದು ಸಾವಿರ ರೂಪಾಯಿ. ಹನ್ನೆರಡು ವಾರದ ರೋಹಿತದರ್ಶನದ (ಸ್ಪೆಕ್ಟ್ರೋಸ್ಕೋಪಿ) ಕೋರ್ಸ್ ತೆಗೆದುಕೊಂಡೆ. ಪ್ರತಿ ವಾರ ಒಂದು ಅಸೈನ್‌ಮೆಂಟ್. ಹನ್ನೆರಡರಲ್ಲಿ ಉತ್ತಮವಾದ ಎಂಟನ್ನು ಲೆಕ್ಕಕ್ಕೆ ಹಿಡಿದು ಅದಕ್ಕೆ 25 ಅಂಕ, ಕೇಂದ್ರಕ್ಕೆ ಹೋಗಿ ಕಂಪ್ಯೂಟರಿನ ಮುಂದೆ ಕೂತು ಬರೆಯುವ ಮೂರು ಗಂಟೆಯ ಪರೀಕ್ಷೆಗೆ 75 ಅಂಕ. ಇಲ್ಲಿ ಹಾಜರಿ ಹಾಕಿ ಪಾರಾಗಲು ಬರುವುದಿಲ್ಲ. ಓದಲೇಬೇಕು.

ನಾನು ಹನ್ನೊಂದು ವರ್ಷ ಪಾಠ ಮಾಡಿದ ಒಂದು ಚಿತ್ರವಿದೆ: ಎಥೆನಾಲ್‌ನ ಎನ್‌ಎಂಆರ್ ರೋಹಿತ, ಅಂದರೆ ಕಾಂತಕ್ಷೇತ್ರದಲ್ಲಿಟ್ಟ ಅಣುವಿನ ಹೈಡ್ರೋಜನ್‌ಗಳು ಕೊಡುವ ಗೆರೆಗಳ ಚಿತ್ರ. ಮೀಥೈಲ್ ಗುಂಪಿನ ಗೆರೆ ಮೂರಾಗಿ ಒಡೆಯುತ್ತದೆ, ಪಕ್ಕದ ಸಿಎಚ್2 ಗುಂಪಿನದು ನಾಲ್ಕಾಗಿ, ಓಎಚ್ ಗುಂಪಿನದು ಮಾತ್ರ ಒಡೆಯದೆ ಒಂಟಿಯಾಗಿ ನಿಲ್ಲುತ್ತದೆ. ಪಕ್ಕದಲ್ಲಿ ಎರಡು ಹೈಡ್ರೋಜನ್‌ಗಳಿರುವಾಗ ಅದೂ ಒಡೆಯಬೇಕಲ್ಲವೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಳು. “ಅದು ಹಾಗೆಯೇ, ಬರೆದುಕೋ” ಎಂದಿದ್ದೆ. ಆ ಉತ್ತರ ಕೊಟ್ಟ ದಿನ ಮನೆಗೆ ಬಂದ ಮೇಲೂ ಮನಸ್ಸಿಗೆ ಚುಚ್ಚುತ್ತಿತ್ತು, ಆದರೆ ಹುಡುಕಿ ಓದಲಿಲ್ಲ. ಎನ್‌ಪಿಟಿಇಎಲ್ ಪಾಠದಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಮಾದರಿಯಲ್ಲಿ ಆಮ್ಲ ಅಥವಾ ನೀರಿನ ಲೇಶವಿದ್ದರೆ ಸಾಕು, ಓಎಚ್‌ನ ಪ್ರೋಟಾನ್, ಅಂದರೆ ಅದರ ಹೈಡ್ರೋಜನ್, ಒಂದು ಅಣುವಿನಿಂದ ಇನ್ನೊಂದಕ್ಕೆ ಬಹಳ ಬೇಗ ಬೇಗ ಜಿಗಿಯುತ್ತಿರುತ್ತದೆ. ಒಂದೆಡೆ ನಿಲ್ಲದ ಪ್ರೋಟಾನಿಗೆ ಪಕ್ಕದವರ ಪ್ರಭಾವ ತಟ್ಟಲು ಸಮಯವೇ ಇಲ್ಲ. ತೇವವಿಲ್ಲದ ಅತಿ ಶುದ್ಧ ಎಥೆನಾಲ್ ತೆಗೆದುಕೊಂಡರೆ ಆ ಒಂಟಿ ಗೆರೆಯೂ ಮೂರಾಗುತ್ತದೆ. ರಾತ್ರಿ ಹನ್ನೊಂದು ಗಂಟೆಗೆ ಅಡುಗೆಮನೆಯ ಕಟ್ಟೆಯ ಮೇಲೆ ಮೊಬೈಲ್ ಇಟ್ಟುಕೊಂಡು ಈ ಭಾಗವನ್ನು ಮೂರು ಬಾರಿ ಕೇಳಿದೆ. ಪ್ರಶ್ನೆ ಕೇಳಿದ ಹುಡುಗಿ ಅಷ್ಟು ಹೊತ್ತಿಗೆ ಪದವಿ ಮುಗಿಸಿ ಹೋಗಿದ್ದಳು. ಅವಳ ನಂಬರ್ ಹುಡುಕಿ ಉತ್ತರ ಕಳಿಸಿದೆ.

ಪರೀಕ್ಷೆಯ ದಿನ ಅದೇ ಕೋಣೆಯಲ್ಲಿ, ನನ್ನ ಮುಂದಿನ ಸಾಲಿನಲ್ಲಿ, ನಮ್ಮ ಕಾಲೇಜಿನ ಅಂತಿಮ ಬಿಎಸ್‌ಸಿ ಹುಡುಗ ಕೂತಿದ್ದ. ನನಗೆ ಬಂದದ್ದು 71. ಅರವತ್ತು ದಾಟಿದ್ದರಿಂದ ಎಲೈಟ್ ಎಂದು ಪ್ರಮಾಣಪತ್ರದಲ್ಲಿ ಬಂತು. ಅವನಿಗೆ 78. ಬೆಳ್ಳಿ ದರ್ಜೆ. ಮರುದಿನ ತರಗತಿಯಲ್ಲಿ ಎರಡೂ ಅಂಕಗಳನ್ನು ನಾನೇ ಹೇಳಿದೆ, ಅವನಿಗೆ ಚಪ್ಪಾಳೆ ಹೊಡೆಸಿದೆ.

ಹಾಗಾದರೆ ವಿಷಯ ಜ್ಞಾನಕ್ಕೆ ಯಾವುದು ಮೇಲು? ಸಂಶಯವಿಲ್ಲದೆ ಎನ್‌ಪಿಟಿಇಎಲ್. ಹಾಸ್ಟೆಲಿನ ನಾಲ್ಕು ವಾರದಲ್ಲಿ ರಸಾಯನಶಾಸ್ತ್ರ ನನಗೆ ಒಂದಿಷ್ಟೂ ಹೆಚ್ಚಾಗಲಿಲ್ಲ. ಆದರೆ ಪಾಠ ಹೇಳುವ ಬಗೆ ಬದಲಾದದ್ದು ಅಲ್ಲಿಯೇ. ಎನ್‌ಪಿಟಿಇಎಲ್‌ನ ಹನ್ನೆರಡು ವಾರವೂ ನಾನು ಒಬ್ಬಳೇ. ಸಂಶಯ ಬಂದರೆ ಚರ್ಚಾ ವೇದಿಕೆಯಲ್ಲಿ ಬರೆದು ಕಾಯಬೇಕು. ನನ್ನ ಅರೆಬರೆ ತಿಳಿವಳಿಕೆಯನ್ನು ಮುಖ ನೋಡಿಯೇ ಹಿಡಿಯುವವರು ಅಲ್ಲಿ ಯಾರೂ ಇಲ್ಲ. ಒಂದು ಲೆಕ್ಕವನ್ನೂ ಹೇಳಬೇಕು: ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯ (ಎಐಸಿಟಿಇ) ಮಾನ್ಯತೆಯ ಎಣಿಕೆಯಲ್ಲಿ ಹನ್ನೆರಡು ವಾರದ ಎನ್‌ಪಿಟಿಇಎಲ್ ಕೋರ್ಸ್ ಒಂದೂವರೆ ವಾರದ ಎಫ್‌ಡಿಪಿಗೆ ಸಮ. ಪಟ್ಟ ಶ್ರಮಕ್ಕೆ ಈ ಬೆಲೆ ತೀರಾ ಕಡಿಮೆ. ಬರೀ ಪ್ರಮಾಣಪತ್ರಕ್ಕಾಗಿ ಹೊರಟವರು ನಡುದಾರಿಯಲ್ಲಿ ಬಿಟ್ಟುಬಿಡುವುದು ಇದೇ ಕಾರಣಕ್ಕೆ.

ಇನ್ನು ಐದು ದಿನದ ಆನ್‌ಲೈನ್ ಎಫ್‌ಡಿಪಿ. 2020ರಲ್ಲಿ ಕೊರೊನಾ ಬಂದು ಕಾಲೇಜು ಮುಚ್ಚಿದಾಗ ಇವು ಮಳೆಯಂತೆ ಸುರಿದವು. ಆ ಬೇಸಿಗೆಯಲ್ಲಿ ನಾನು ಮೂರು ಮಾಡಿದೆ. ಬೆಳಗ್ಗೆ ಒಂದು ಉಪನ್ಯಾಸ, ಮಧ್ಯಾಹ್ನ ಒಂದು. ಮುಗಿಯುತ್ತಲೇ ಚಾಟ್‌ನಲ್ಲಿ ಅಭಿಪ್ರಾಯ ನಮೂನೆಯ ಲಿಂಕ್ ಬರುತ್ತದೆ, ಅದನ್ನು ತುಂಬಿದರೆ ಅದೇ ಹಾಜರಿ. ಒಂದು ಕಾರ್ಯಕ್ರಮದಲ್ಲಿ ಭಾಷಣಕಾರರ ಧ್ವನಿ ಇಪ್ಪತ್ತು ನಿಮಿಷ ನಿಂತೇಹೋಯಿತು. ನೂರಾರು ಜನರಿದ್ದೆವು, ಹೇಳಿದವರು ಇಬ್ಬರೇ. ಉಳಿದವರು ಎಲ್ಲಿದ್ದರು ಎಂದು ಹೇಳಬೇಕಿಲ್ಲ. ನಾನೂ ಆ ಹೊತ್ತಿಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಇದು ತಪ್ಪು ಎಂದೇ ಈಗಲೂ ನನ್ನ ಅಭಿಪ್ರಾಯ. ಆ ಮೂರೂ ಪ್ರಮಾಣಪತ್ರಗಳು ನನ್ನ ಫೈಲಿನಲ್ಲಿವೆ, ಅವುಗಳಿಂದ ನನ್ನ ತರಗತಿಗೆ ಬಂದದ್ದು ಏನೂ ಇಲ್ಲ.

ಆದರೂ ಇದನ್ನು ತೆಗೆದುಹಾಕಿ ಎಂದು ನಾನು ಹೇಳಲಾರೆ. ನಮ್ಮ ಗಣಿತ ವಿಭಾಗದವರೊಬ್ಬರು ಆರು ತಿಂಗಳ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದು ಎಫ್‌ಡಿಪಿ ಮುಗಿಸಿದರು. ಪೂರ್ತಿ ಕೇಳಿದರು, ಟಿಪ್ಪಣಿಯನ್ನೂ ಬರೆದುಕೊಂಡರು. ಅವರಿಗೆ ಆ ವರ್ಷ ಬೇರೆ ದಾರಿಯೇ ಇರಲಿಲ್ಲ. ಪರಿಹಾರ ಸುಲಭವಿದೆ: ಒಂದು ಪರದೆಗೆ ನೂರಾರು ಜನರ ಬದಲು ಮೂವತ್ತು ಜನ, ಕ್ಯಾಮೆರಾ ತೆರೆದಿರಬೇಕು, ಪ್ರತಿಯೊಬ್ಬರೂ ಒಮ್ಮೆ ಪಾಠ ಮಾಡಿ ತೋರಿಸಬೇಕು. ಮೈಕ್ರೋ ಟೀಚಿಂಗ್ ಒಂದು ಸೇರಿದರೂ ಐದು ದಿನಕ್ಕೆ ಬೆಲೆ ಬರುತ್ತದೆ.

ನಾಲ್ಕನೆಯದು ಕಾಲೇಜಿನೊಳಗೆ ಐಕ್ಯೂಎಸಿ (ಕಾಲೇಜಿನದೇ ಗುಣಮಟ್ಟ ಖಾತರಿ ಘಟಕ) ನಡೆಸುವ ಕಾರ್ಯಕ್ರಮ. ಹೆಚ್ಚಿನವು ಹಾರ, ಶಾಲು, ಗಣ್ಯರ ಭಾಷಣದಲ್ಲಿ ಮುಗಿಯುತ್ತವೆ. ಆದರೆ ಒಂದು ಶನಿವಾರ ನಡೆದದ್ದು ಹಾಗಿರಲಿಲ್ಲ. ಕರೆದ ಅತಿಥಿ ಬರಲಾಗದೆ ಹೋದಾಗ ನಮ್ಮ ಪ್ರಯೋಗಾಲಯದ ಅಟೆಂಡರ್ ಅವರನ್ನೇ ಮುಂದೆ ನಿಲ್ಲಿಸಿದೆವು. ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ಕೈಯಾಡಿಸಿದವರು. ಮೊದಲು “ನನಗೆ ಮಾತು ಬರುವುದಿಲ್ಲ ಮೇಡಂ” ಎಂದು ಹಿಂಜರಿದರು. ಸೋರುತ್ತಿದ್ದ ಒಂದು ಬ್ಯೂರೆಟ್ (ದ್ರಾವಣವನ್ನು ಅಳೆದು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ) ಕೈಗೆ ಕೊಟ್ಟ ಮೇಲೆ ಮಾತು ತಾನಾಗಿ ಬಂತು. ಗಾಜಿನ ತಿರುಪನ್ನು ಹೊರತೆಗೆದರು, ಅದನ್ನೂ ಅದು ಕೂರುವ ಗೂಡನ್ನೂ ಬಟ್ಟೆಯಿಂದ ಪೂರಾ ಒಣಗಿಸಿದರು. ತೂತಿನ ಎರಡು ಬದಿಗೆ ಮಾತ್ರ, ತೂತಿಗೆ ತಾಗದಂತೆ, ಬೆರಳ ತುದಿಯಿಂದ ತೆಳ್ಳಗೆ ವ್ಯಾಸಲೀನ್ ಸವರಿದರು. ಮತ್ತೆ ಕೂರಿಸಿ, ಗಾಜು ಪಾರದರ್ಶಕವಾಗಿ ಕಾಣುವವರೆಗೆ ನಿಧಾನವಾಗಿ ತಿರುಗಿಸಿದರು. “ಹೆಚ್ಚು ಹಚ್ಚಿದರೆ ತೂತು ಕಟ್ಟುತ್ತದೆ, ಕಡಿಮೆಯಾದರೆ ಸೋರುತ್ತದೆ” ಎಂದರು. ಎಂಎಸ್‌ಸಿ ಮಾಡಿದ ನಾವೆಲ್ಲ ಅಂದೇ ಅದನ್ನು ಸರಿಯಾಗಿ ಕಲಿತದ್ದು. ಆ ಸೆಮಿಸ್ಟರಿನಲ್ಲಿ ನಾವು ಹೊಸ ಬ್ಯೂರೆಟ್ ಕೊಳ್ಳಲಿಲ್ಲ.

ಕಚೇರಿಯ ಪ್ರಥಮ ದರ್ಜೆ ಸಹಾಯಕರಿಗೆ ಜಿಲ್ಲಾ ತರಬೇತಿ ಸಂಸ್ಥೆ ಇದೆ. ಖಜಾನೆ-2 ತಂತ್ರಾಂಶವನ್ನೂ ನಾಗರಿಕ ಸೇವಾ ನಿಯಮಗಳನ್ನೂ ಅವರು ಅಲ್ಲಿ ಹೋಗಿ ಕಲಿತು ಬಂದದ್ದರಿಂದಲೇ ನಮ್ಮ ಬಿಲ್ಲುಗಳು ಈಗ ಆಕ್ಷೇಪಣೆಯಿಲ್ಲದೆ ಹೋಗುತ್ತಿವೆ. ಆದರೆ ನಮ್ಮ ಅಟೆಂಡರ್‌ಗೆ ಅಷ್ಟು ವರ್ಷದ ಸೇವೆಯಲ್ಲಿ ಒಂದು ದಿನದ ತರಬೇತಿಯೂ ಸಿಕ್ಕಿಲ್ಲ. ಆ ಶನಿವಾರ ಸಂಪನ್ಮೂಲ ವ್ಯಕ್ತಿ ಎಂದು ಅವರ ಹೆಸರಿನಲ್ಲಿ ಪ್ರಮಾಣಪತ್ರ ಮಾಡಿಕೊಟ್ಟೆವು. ಅದನ್ನು ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದಾರೆ.

ನನ್ನನ್ನು ಕೇಳಿ ಬಂದವರಿಗೆ ಈಗ ಹೇಳುವುದು ಇಷ್ಟು. ಕೆಲಸಕ್ಕೆ ಸೇರಿದ ಮೊದಲ ಮೂರು ವರ್ಷದೊಳಗೆ ಹಾಸ್ಟೆಲಿನಲ್ಲಿದ್ದು ಮಾಡುವ ಕೋರ್ಸಿಗೆ ಹೋಗಿ; ಮನೆಯವರ ಕೈಕಾಲು ಹಿಡಿದಾದರೂ ಹೋಗಿ. ಪಾಠದ ಚಾಳಿ ಗಟ್ಟಿಯಾಗುವ ಮೊದಲು ನಿಮ್ಮನ್ನು ಯಾರಾದರೂ ತಡೆದು ಕೇಳಬೇಕು. ಆಮೇಲೆ, ಪಾಠ ಮಾಡುವಾಗ ನಿಮಗೇ ಅಳುಕುವ ಅಧ್ಯಾಯ ಯಾವುದೋ ಅದರ ಮೇಲೆ ಎನ್‌ಪಿಟಿಇಎಲ್ ಮಾಡಿ. ಗೊತ್ತಿರುವ ವಿಷಯ ಆರಿಸಿ ಚಿನ್ನದ ದರ್ಜೆ ತೆಗೆದರೆ ಏನು ಬಂತು? ಆನ್‌ಲೈನ್ ವಾರವನ್ನು ಬೇರೇನೂ ಸಾಧ್ಯವಿಲ್ಲದ ವರ್ಷಕ್ಕೆ ಇಟ್ಟುಕೊಳ್ಳಿ.

ಈ ಸಲಹೆ ಯಾರಿಗೆ ಸಲ್ಲುತ್ತದೆ ಎಂಬುದೇ ನನ್ನನ್ನು ಕಾಡುವ ಮಾತು. ನಮ್ಮ ವಿಭಾಗದಲ್ಲಿ ನಾವು ಐದು ಜನ, ಅವರಲ್ಲಿ ಮೂವರು ಅತಿಥಿ ಉಪನ್ಯಾಸಕರು. ಅವರಿಗೆ ತರಬೇತಿಯಂಥ ಕೆಲಸಕ್ಕೆ ಹೋಗಲು ಸಿಗುವ ಅನ್ಯಕಾರ್ಯ ನಿಮಿತ್ತ ರಜೆಯೂ ಇಲ್ಲ, ಬಡ್ತಿಯೂ ಇಲ್ಲ; ಮೂರು ವಾರ ಹೋದರೆ ಗೌರವಧನಕ್ಕೇ ಕುತ್ತು. ಮಕ್ಕಳ ಮುಂದೆ ಹೆಚ್ಚು ಹೊತ್ತು ನಿಲ್ಲುವವರು ಮಾತ್ರ ಅವರೇ. ಹಾಸ್ಟೆಲಿನ ಕೋರ್ಸು ಎಷ್ಟೇ ಚೆನ್ನಾಗಿರಲಿ, ಅದರ ಬಾಗಿಲು ಇವರಿಗೆ ತೆರೆಯುವವರೆಗೆ ಅದು ಅರ್ಧ ಕಾಲೇಜಿಗೆ ಮಾತ್ರ.

ಹಾಗಾಗಿ ಈ ಜುಲೈನ ಎಂಟು ವಾರದ ಎನ್‌ಪಿಟಿಇಎಲ್ ಕೋರ್ಸಿಗೆ ನಾನು ಮತ್ತು ಆ ಮೂವರು ಒಟ್ಟಿಗೆ ಹೆಸರು ಕೊಟ್ಟಿದ್ದೇವೆ. ಪರೀಕ್ಷಾ ಶುಲ್ಕವನ್ನು ವಿಭಾಗದ ಕಾಯಂ ಉಪನ್ಯಾಸಕರು ಹಂಚಿಕೊಂಡೆವು. ಕುಕ್ಕರಹಳ್ಳಿ ಕೆರೆ ನಮ್ಮೂರಿನಲ್ಲಿಲ್ಲ, ಕಾಲೇಜಿನ ಹಿಂದೆ ಒಂದು ಹೊಂಗೆ ಮರ, ಅದರ ಸುತ್ತ ಕಲ್ಲಿನ ಕಟ್ಟೆ ಇದೆ. ಅಸೈನ್‌ಮೆಂಟ್ ಸಲ್ಲಿಸಲು ಬುಧವಾರ ರಾತ್ರಿ ಕೊನೆಯ ಗಡುವು. ಮಂಗಳವಾರ ಸಂಜೆ ನಾಲ್ಕಕ್ಕೆ ನಾಲ್ವರೂ ಆ ಕಟ್ಟೆಯ ಮೇಲೆ ಕೂರುತ್ತೇವೆ. ಒಬ್ಬರು ಪಾಠ ಹೇಳಬೇಕು, ಉಳಿದವರು ಅರ್ಥವಾಗದ ಕಡೆ ತಡೆಯಬೇಕು.