ತಮ್ಮನ ಶೀಲ್ಡ್ ಎದುರು ನಾಲ್ಕು ಕಂಟ್ರೋಲರ್

ಮೊದಲೇ ಹೇಳಿಬಿಡ್ತೀನಿ: ನಿಂಟೆಂಡೊ ಸ್ವಿಚ್‌ನ ಹೊಡೆದಾಟದ ಆಟ ಸ್ಮ್ಯಾಶ್ ಅಲ್ಟಿಮೇಟ್ ಆಡೋರು ಇನ್ನೆರಡು ತಿಂಗಳು ತಡೆದಾದರೂ ನಿಂಟೆಂಡೊದ್ದೇ ಪ್ರೊ ಕಂಟ್ರೋಲರ್ ತಗೊಳ್ಳಿ. ನಾನೂ ಕೊನೆಗೆ ಅಲ್ಲಿಗೇ ಬಂದೆ. ಅಷ್ಟರಲ್ಲಿ 1,600 ರೂಪಾಯಿ ನೀರಿಗೆ ಹಾಕಿದ್ದಾಗಿತ್ತು.

ತುಮಕೂರಿನ ಎಸ್.ಎಸ್. ಪುರಂನ ನಮ್ಮ ಮನೆಯಲ್ಲಿ ಭಾನುವಾರ ಬೆಳಗ್ಗೆ ಆಟ. ಸೋತವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಬೇಕು. ನನ್ನ ಪಾತ್ರ ಕತ್ತಿ ಹಿಡಿದ ಲೂಸಿನಾ, ತಮ್ಮನದ್ದು ಮಾರಿಯೋ. ಅವನದ್ದು ಒಂದೇ ಪಟ್ಟು. ಏಟು ತಡೆಯುವ ಶೀಲ್ಡ್ ಹಿಡಿದು ಕಾಯ್ತಾನೆ, ನನ್ನ ಕತ್ತಿ ತಾಗಿದ ಕೂಡಲೇ ನಾಣ್ಯ ಚಿಮ್ಮಿಸಿಕೊಂಡು ಮೇಲಕ್ಕೆ ಗುದ್ದುತ್ತಾನೆ. ಶೀಲ್ಡ್ ಇಳಿಸೋಕೆ 11 ಫ್ರೇಮ್ (ಪರದೆಯ ಒಂದೊಂದು ಚಿತ್ರ) ಬೇಕು, ಆದರೆ ಈ ಗುದ್ದಿಗೆ ಇಳಿಸುವ ಗೋಜೇ ಇಲ್ಲ. ಮೂರನೇ ಫ್ರೇಮಿಗೇ ತಾಗುತ್ತೆ. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಅದು ಸೆಕೆಂಡಿನ ಇಪ್ಪತ್ತನೇ ಒಂದು ಪಾಲು.

ಇದಕ್ಕೆ ಮದ್ದು ಎರಡು. ಒಂದು, ದೂರ: ಆ ಗುದ್ದು ಪಕ್ಕಕ್ಕೆ ಹೆಚ್ಚು ಚಾಚಲ್ಲ, ಕತ್ತಿಯ ತುದಿ ಮಾತ್ರ ಶೀಲ್ಡಿಗೆ ಸವರಬೇಕು. ಲೂಸಿನಾ ಕತ್ತಿಗೆ ಬುಡದಿಂದ ತುದಿವರೆಗೂ ಒಂದೇ ಬಲ, ಹಾಗಾಗಿ ತುದಿಯಲ್ಲಿ ಹೊಡೆದರೆ ನಷ್ಟವೇನಿಲ್ಲ. ಇನ್ನೊಂದು, ಹೊತ್ತು: ಹಾರುವಾಗಲ್ಲ, ಇಳಿಯುವಾಗ, ಕಾಲು ನೆಲ ಮುಟ್ಟುವ ಮುಂಚಿನ ಕ್ಷಣದಲ್ಲಿ ತಾಗಬೇಕು. ಗಾಳಿಯಲ್ಲಿ ಹೊಡೆದ ಏಟಿಗೆ ಶೀಲ್ಡ್ ಹಿಡಿದವನು ಮರಗಟ್ಟುವ ಹೊತ್ತೇ ಕಮ್ಮಿ, ಅದನ್ನ ಲೆಕ್ಕ ಹಾಕುವಾಗ ಹಾನಿಯ ಪಾಲನ್ನ 0.33ರಿಂದ ಗುಣಿಸ್ತಾರೆ. ಆ ಚೂರು ಹೊತ್ತನ್ನೂ ಗಾಳಿಯಲ್ಲೇ ಕಳೆದುಕೊಂಡರೆ, ಇಳಿಯುವಷ್ಟರಲ್ಲಿ ಮಾರಿಯೋ ಸಿದ್ಧನಾಗಿರ್ತಾನೆ.

ಮೊದಲು ಆಡಿದ್ದು ಸ್ವಿಚ್ ಜೊತೆ ಬಂದ ಪುಟ್ಟ ಕಂಟ್ರೋಲರ್ ಜಾಯ್-ಕಾನ್ ಒಂದನ್ನ ಅಡ್ಡ ಹಿಡಿದು. ಬಲಗಡೆ ಸ್ಟಿಕ್ ಇಲ್ಲ. ಮುಂದಕ್ಕೆ ಹೊಡೆಯೋದು, ಕೆಳಕ್ಕೆ ತಳ್ಳಿ ಬೇಗ ಇಳಿಯೋದು, ಎರಡೂ ಒಂದೇ ಹೆಬ್ಬೆರಳಿನ ಪಾಲು. ಬೆರಳು ಒಂದು ಫ್ರೇಮ್ ಮೊದಲೇ ಕೆಳಕ್ಕೆ ಜಾರಿದರೆ ಮುಂದಿನ ಏಟಿನ ಬದಲು ಕೆಳಗಿನ ಏಟು ಬರುತ್ತೆ. ಅದರಲ್ಲಿ ಇಳಿದಮೇಲೆ ಚೇತರಿಸಿಕೊಳ್ಳೋಕೆ ತುಂಬಾ ಹೊತ್ತು.

ಅದಕ್ಕೇ ಎಂ.ಜಿ. ರಸ್ತೆ ಕಡೆ ಹೋಗಿ ಒಂದು ಅಗ್ಗದ ವೈರ್‌ಲೆಸ್ ಪ್ಯಾಡ್ ತಂದೆ. ನೋಡೋಕೆ ಚೆನ್ನಾಗಿತ್ತು, ಸ್ಟಿಕ್ ಎರಡೂ ಸರಿಯಾಗೇ ಇದ್ದವು. ತೊಂದರೆ ಇದ್ದದ್ದು ಜಂಪ್ ಬಟನ್ನಿನಲ್ಲಿ.

ಈ ಆಟದಲ್ಲಿ ಬಹುತೇಕ ಎಲ್ಲ ಪಾತ್ರಗಳೂ ಹಾರುವ ಮುಂಚೆ 3 ಫ್ರೇಮ್ ಮೊಣಕಾಲು ಬಗ್ಗಿಸ್ತವೆ. ಅಷ್ಟರಲ್ಲಿ ಬಟನ್ ಬಿಟ್ಟರೆ ಶಾರ್ಟ್ ಹಾಪ್ ಅನ್ನೋ ಗಿಡ್ಡ ಜಿಗಿತ, ಹಿಡಿದೇ ಇದ್ದರೆ ಫುಲ್ ಹಾಪ್ ಅನ್ನೋ ಎತ್ತರದ ಜಿಗಿತ. ಈ ಪ್ಯಾಡಿನ ಬಟನ್ ಕೆಳಗಿನ ರಬ್ಬರ್ ಎಷ್ಟು ಮೆತ್ತಗಿತ್ತು ಅಂದರೆ, ನಾನು ಬೆರಳು ಎತ್ತಿದ್ದರೂ ಅದು ಮೇಲೆ ಬಂದಿರ್ತಿರಲಿಲ್ಲ. ಲೂಸಿನಾ ತಮ್ಮನ ತಲೆಮೇಲೆ ಎತ್ತರಕ್ಕೆ ಹಾರಿಬಿಡೋಳು. ಅವನು ಆರಾಮಾಗಿ ಶೀಲ್ಡ್ ಬಿಟ್ಟು, ನಡೆದು ಬಂದು, ಇಳಿಯೋ ಜಾಗದಲ್ಲಿ ನಿಂತು ಹೊಡೆಯೋನು. ತಪ್ಪು ನನ್ನ ಬೆರಳಿನದ್ದೇ ಅಂದುಕೊಂಡು ಟ್ರೈನಿಂಗ್‌ನಲ್ಲಿ ವೇಗವನ್ನ ಕಾಲು ಭಾಗಕ್ಕೆ ಇಳಿಸಿ ಎರಡು ಸಂಜೆ ಅಭ್ಯಾಸ ಮಾಡಿದೆ.

ಜಂಪ್, ಅಟ್ಯಾಕ್ ಎರಡನ್ನೂ ಒಟ್ಟಿಗೆ ಒತ್ತಿದರೆ ಆಟ ತಾನಾಗೇ ಶಾರ್ಟ್ ಹಾಪ್ ಏಟು ಕೊಡುತ್ತೆ. ಅದನ್ನೂ ನೋಡಿದೆ. ಆದರೆ ಆ ಏಟು ಏಳುವಾಗಲೇ ಬಂದುಬಿಡುತ್ತೆ, ನಮಗೆ ಬೇಕಿರೋದು ಇಳಿಯುವಾಗ. ಎರಡು ಜಂಪ್ ಬಟನ್ ಒಟ್ಟಿಗೆ ಒತ್ತಿದರೆ ಶಾರ್ಟ್ ಹಾಪ್ ಖಚಿತ, ರಬ್ಬರ್ ಹೇಗಿದ್ದರೂ ಸರಿ. ಆದರೆ ಎರಡೂ ಬಟನ್ ಅದುಮೋಕೆ ಬಲ ಹೆಬ್ಬೆರಳು ಅಲ್ಲೇ ಇರಬೇಕು, ಅಲ್ಲಿಂದ ಬಲ ಸ್ಟಿಕ್ಕಿಗೆ ಇಳಿಯೋ ಹೊತ್ತಿಗೆ ಕಾಲು ನೆಲಕ್ಕೆ ತಾಗಿರುತ್ತೆ. ಜಂಪನ್ನ ಭುಜದ ಬಟನ್ನಿಗೆ ಹಾಕಿದೆ, ಅಲ್ಲೂ ಅದೇ ಮೆತ್ತನೆ ರಬ್ಬರ್. “ಇದು ನಿನ್ ತಪ್ಪಲ್ಲ ಕಣಣ್ಣ, ಕೊಡಿಲ್ಲಿ” ಅಂತ ತಮ್ಮನೇ ಇಸ್ಕೊಂಡು ನೋಡಿದ. ಅವನ ಕೈಯಲ್ಲೂ ಮಾರಿಯೋ ಎತ್ತರಕ್ಕೇ ಹಾರಿದ. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ.

ಹಾಸ್ಟೆಲ್ ಗೆಳೆಯನಿಂದ ನಿಂಟೆಂಡೊದ ಹಳೇ ಯಂತ್ರ ಗೇಮ್‌ಕ್ಯೂಬ್‌ನ ಕಂಟ್ರೋಲರ್ ಒಂದು ವಾರಕ್ಕೆ ತಂದಿದ್ದೆ. ಸ್ಟಿಕ್ ಸುತ್ತ ಎಂಟು ಮೂಲೆ, ಕೆಳಕ್ಕೆ ತಳ್ಳಿದರೆ ನೇರ ಕೆಳಗಿನ ಮೂಲೆಗೇ ಹೋಗಿ ಕೂರುತ್ತೆ. ಫಾಸ್ಟ್ ಫಾಲ್‌ಗೆ, ಅಂದರೆ ಬೇಗ ಇಳಿಯೋಕೆ, ಅದನ್ನ ಮೀರಿಸಿದ್ದು ನಾನಂತೂ ಕಂಡಿಲ್ಲ. ಆದರೆ ಅದರ ಅಡಾಪ್ಟರಿಗೆ ಎರಡು ಯುಎಸ್‌ಬಿ, ಸ್ವಿಚ್ಚನ್ನ ಟಿವಿಗೆ ಜೋಡಿಸೋ ಡಾಕ್ ಬೇಕು, ಟಿವಿ ಬೇಕು. ನಮ್ಮ ಬೀದಿಯಲ್ಲಿ ಕರೆಂಟ್ ಹೋದರೆ ಆಟವೂ ಅಲ್ಲಿಗೇ ನಿಂತಿತು.

ಪ್ರೊ ಬೆಂಗಳೂರಿನಿಂದ ತರಿಸಿದ್ದು, ನನಗೆ 5,500 ಬಿತ್ತು. ಜಂಪ್ ಬಲ ತೋರುಬೆರಳಿಗೆ, ಬಲ ಹೆಬ್ಬೆರಳು ಸ್ಟಿಕ್ ಬಿಟ್ಟು ಕದಲೋದೇ ಇಲ್ಲ. ಮುಟ್ಟಿ ಬಿಟ್ಟರೆ ಬಟನ್ ಟಕ್ ಅಂತ ಮೇಲೆ. ಹಾರಿ, ಮೇಲಿನ ತುದಿ ದಾಟಿ ಇಳಿಯೋಕೆ ಶುರುವಾದ ಮೇಲೆ ಎಡ ಹೆಬ್ಬೆರಳಿಂದ ಕೆಳಕ್ಕೆ, ಬಲ ಹೆಬ್ಬೆರಳಿಂದ ಮುಂದಕ್ಕೆ. ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರಲ್ಲ, ತಪ್ಪಿ ಕೆಳಗಿನ ಏಟು ಬರೋದು ನಿಂತೇಹೋಯ್ತು. ಕರೆಂಟ್ ಹೋದರೆ ಸ್ವಿಚ್ಚನ್ನ ಡಾಕ್‌ನಿಂದ ತೆಗೆದು ಮೇಜಿನ ಮೇಲೆ ನಿಲ್ಲಿಸಿ ಮುಂದುವರಿಸ್ತೀವಿ. ಸ್ಟಿಕ್ ಮೇಲಕ್ಕೆ ತಳ್ಳಿದರೆ ಹಾರೋದನ್ನ ಮಾತ್ರ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿಕೊಳ್ಳಿ.

ಮನೆಯಲ್ಲಿ ಯಾವಾಗಲೂ ಟಿವಿ ಮುಂದೆಯೇ ಆಡೋರು, ಯುಪಿಎಸ್ ಇರೋರು ಗೇಮ್‌ಕ್ಯೂಬ್ ತಗೊಂಡರೆ ನಾನು ಬೇಡ ಅನ್ನಲ್ಲ.

ಹೋದ ಭಾನುವಾರ ಕತ್ತಿಯ ತುದಿ ಶೀಲ್ಡಿಗೆ ಸವರಿತು, ತಮ್ಮ ಗುದ್ದಿದ, ಗುದ್ದು ಖಾಲಿ ಗಾಳಿಗೆ ಹೋಯ್ತು. ಅವನು ಕೆಳಗೆ ಇಳಿಯೋವರೆಗೂ ನಾನು ಕಾದು ನಿಂತಿದ್ದೆ. ಇಡ್ಲಿ ಅವನೇ ಕೊಡಿಸಿದ.